ದಾಸೋಹದ ಪಂಕ್ತಿಯೇ ಆರೋಗ್ಯದ ಪಾಠಶಾಲೆಯಾಗಲಿ

ಶ್ರೀಮಠದ ದಾಸೋಹದಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಬಡಿಸುವ ಸೇವೆ ಸಲ್ಲಿಸಿದ ಹಿರಿಯರೊಬ್ಬರು ಕಳೆದ ವರ್ಷ ತಮ್ಮ ಬಲಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡರು. ಜಾತ್ರೆಯ ಪಾದಯಾತ್ರೆಯಲ್ಲಿ ಅವರು ಎಂದಿನಂತೆ ಬರಿಗಾಲಿನಲ್ಲಿ ನಡೆದಿದ್ದರು. ಕಾದ ಡಾಂಬರು ರಸ್ತೆಯ ಮೇಲೆ ಅಂಗಾಲು ಸುಟ್ಟು ಬೊಬ್ಬೆ ಎದ್ದದ್ದು ಅವರ ಅರಿವಿಗೇ ಬರಲಿಲ್ಲ. ಮಧುಮೇಹವು ಅವರ ಪಾದಗಳ ಸ್ಪರ್ಶಜ್ಞಾನವನ್ನು ಎಂದೋ ಕಸಿದುಕೊಂಡಿತ್ತು. ಎಂಟು ದಿನಗಳ ತರುವಾಯ ಸೊಸೆ ದುರ್ವಾಸನೆಯನ್ನು ಗಮನಿಸಿ ಆಸ್ಪತ್ರೆಗೆ ಕರೆದೊಯ್ಯುವ ವೇಳೆಗೆ ಬೆರಳುಗಳು ಕಪ್ಪಾಗಿದ್ದವು.

ಅವರಿಗೆ ಮಧುಮೇಹವಿರುವುದು ತಿಳಿದು ಹನ್ನೊಂದು ವರ್ಷಗಳಾಗಿದ್ದವು. ಆ ಹನ್ನೊಂದು ವರ್ಷವೂ ಅವರು ನನ್ನ ರೋಗಿಯಾಗಿದ್ದರು.

ಪ್ರತಿ ಭೇಟಿಯಲ್ಲಿಯೂ ನಾನು ಚೀಟಿಯ ಕೆಳಗೆ ತಪ್ಪದೆ ಮೂರು ಮಾತು ಬರೆಯುತ್ತಿದ್ದೆ: ಸಿಹಿ ವರ್ಜ್ಯ, ಅನ್ನ ಮಿತ, ನಿತ್ಯ ನಡಿಗೆ. ಅಷ್ಟಕ್ಕೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಿದ್ದೆ. ಶಸ್ತ್ರಚಿಕಿತ್ಸೆಯ ಬಳಿಕ ಅವರ ಮನೆಗೆ ಹೋದಾಗ ಅವರ ಧರ್ಮಪತ್ನಿ ಚಹಾ ತಂದಿಟ್ಟು ನಿಂತು ಕೇಳಿದರು: “ಸಾಹೇಬರ, ಮನ್ಯಾಗ ಅಡಗಿ ಮಾಡೋಕಿ ನಾನು. ಹನ್ನೊಂದು ವರ್ಷದಾಗ ನೀವು ನನಗ ಒಂದ್ ಮಾತರ ಹೇಳೀರೇನ್ರಿ?” ನಾನು ಹೇಳಿರಲಿಲ್ಲ. ಆ ತಾಯಿ ಎಂದೂ ನನ್ನ ಚಿಕಿತ್ಸಾಲಯದ ಒಳಗೆ ಬಂದಿರಲಿಲ್ಲ. ಬರಹೇಳಬೇಕೆಂದು ನನಗೂ ತೋಚಿರಲಿಲ್ಲ. ಆ ಹಿರಿಯರಾದರೂ ಪಥ್ಯದ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ದಾಸೋಹಕ್ಕೆ ಬರುತ್ತಿದ್ದರು. ಪಂಕ್ತಿ ಮುಗಿದ ಮೇಲೆ ಸೇವಕರೆಲ್ಲರೂ ಒಟ್ಟಾಗಿ ಕುಳಿತು ಗೋದಿ ಹುಗ್ಗಿ ಸ್ವೀಕರಿಸುವಾಗ ತಾವೊಬ್ಬರೇ ಬೇಡವೆನ್ನುವುದು ಅವರಿಗೆ ಪ್ರಸಾದಕ್ಕೆ ತೋರುವ ಅಗೌರವವಾಗಿ ಕಾಣುತ್ತಿತ್ತು.

ಮೂವತ್ತೆಂಟು ವರ್ಷಗಳ ವೈದ್ಯವೃತ್ತಿಯ ಬಳಿಕ ನಾನು ಕಲಿತ ಪಾಠವಿದು. ಆಹಾರ ಮತ್ತು ವ್ಯಾಯಾಮದ ತಿಳಿವಳಿಕೆಯನ್ನು ಒಬ್ಬ ರೋಗಿಯ ಕೈಗೆ ಚೀಟಿಯಾಗಿ ಕೊಟ್ಟರೆ ಅದು ಫಲಿಸದು. ನಾವು ಕೂಡಿ ಉಣ್ಣುವ ಜನ. ಊಟದ ರೂಢಿಗಳನ್ನು ಕೂಡಿಯೇ ಕಲಿತಿದ್ದೇವೆ. ಅವನ್ನು ತಿದ್ದಿಕೊಳ್ಳುವುದೂ ಕೂಡಿಯೇ ಆಗಬೇಕು. ಅದಕ್ಕೆ ಶ್ರೀಮಠದ ದಾಸೋಹ ಮಂಟಪಕ್ಕಿಂತಲೂ ಶ್ರಾವಣದ ಪ್ರವಚನ ಸಭೆಗಿಂತಲೂ ಯೋಗ್ಯವಾದ ಸ್ಥಳ ನನಗೆ ಕಾಣದು. ಬರುವ ಶ್ರಾವಣ ಮಾಸದಿಂದಲೇ ಇದು ಆರಂಭವಾಗಬೇಕೆಂಬ ಅರಿಕೆಯೊಂದಿಗೆ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮನೆಮನೆಯ ರೋಗ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಅಧಿಕ ಜನರು ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆ. ವಯಸ್ಕರಲ್ಲಿ ಮೂವರಿಗೊಬ್ಬರಿಗೆ ಅಧಿಕ ರಕ್ತದೊತ್ತಡವಿದೆ. ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡಗಳ ವೈಫಲ್ಯ ಇವುಗಳಲ್ಲಿ ಬಹುಪಾಲು ಈ ಎರಡು ರೋಗಗಳ ಬೆನ್ನಿಗೇ ಬರುತ್ತವೆ. ದಾಸೋಹದ ಒಂದು ಪಂಕ್ತಿಯಲ್ಲಿ ನೂರು ವಯಸ್ಕರು ಕುಳಿತರೆಂದರೆ ಅವರಲ್ಲಿ ಹತ್ತು ಹನ್ನೊಂದು ಜನ ಮಧುಮೇಹಿಗಳಿರುತ್ತಾರೆ, ಹದಿನೈದು ಜನ ಹೊಸ್ತಿಲಲ್ಲಿರುತ್ತಾರೆ ಎಂದು ಈ ಲೆಕ್ಕ ಸೂಚಿಸುತ್ತದೆ. ಅವರಲ್ಲಿ ಅನೇಕರಿಗೆ ತಮಗೆ ರೋಗವಿರುವುದೇ ತಿಳಿದಿರುವುದಿಲ್ಲ.

ಹೊಸ್ತಿಲಲ್ಲಿ ನಿಂತವರನ್ನು ಹಿಂದಕ್ಕೆ ಕರೆತರಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಆಧಾರವಿದೆ. ಚೆನ್ನೈಯ ವೈದ್ಯರು ಇಂತಹ 531 ಜನರನ್ನು ಮೂರು ವರ್ಷಗಳ ಕಾಲ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ವಿಶೇಷ ತಿಳಿವಳಿಕೆ ಇಲ್ಲದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಆಹಾರ ಮತ್ತು ನಡಿಗೆಯ ಬಗ್ಗೆ ಪದೇಪದೇ ತಿಳಿಹೇಳಿ ಬೆಂಬಲ ಕೊಟ್ಟವರಲ್ಲಿ ಆ ಸಂಖ್ಯೆ ನೂರಕ್ಕೆ 39ಕ್ಕೆ ಇಳಿಯಿತು. ಕೇವಲ ಮಾತ್ರೆ ಕೊಟ್ಟವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನ ಕಂಡಿತು. ಎರಡನ್ನೂ ಕೂಡಿಸಿದಾಗ ಹೆಚ್ಚಿನ ಲಾಭವೇನೂ ಆಗಲಿಲ್ಲ. ಇದು ಪವಾಡವಲ್ಲ. ಎಲ್ಲರೂ ಪಾರಾಗಲಿಲ್ಲ. ಆದರೆ ನೂರರಲ್ಲಿ ಹದಿನಾರು ಮನೆಗಳು ಮೂರು ವರ್ಷಗಳ ಮಟ್ಟಿಗಾದರೂ ಈ ರೋಗದಿಂದ ಉಳಿದವೆಂದರೆ ಅದು ಅಲ್ಪವೇ?

ಪ್ರಾಚೀನರು ಕಂಡ ಸತ್ಯ

ಈ ವಿಚಾರ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಪ್ರಮೇಹಕ್ಕೆ ಕಾರಣವನ್ನು ಹೇಳುವಾಗ ಚರಕಾಚಾರ್ಯರು ಮೊದಲು ಹೆಸರಿಸುವುದು ಸುಖವಾಗಿ ಕುಳಿತಿರುವುದನ್ನು ಮತ್ತು ಸುಖವಾಗಿ ನಿದ್ರಿಸುವುದನ್ನು. ಸುಶ್ರುತಾಚಾರ್ಯರು ಪ್ರಮೇಹಿಗೆ ನೂರು ಯೋಜನ ನಡೆಯಬೇಕೆಂದು, ಬಾವಿ ತೋಡಬೇಕೆಂದು, ಶ್ಯಾಮಾಕದಂತಹ ಕಿರುಧಾನ್ಯಗಳನ್ನು ಉಣ್ಣಬೇಕೆಂದು ವಿಧಿಸಿದ್ದಾರೆ.

ಅದೇ ಶಾಸ್ತ್ರ ಇನ್ನೊಂದು ಎಚ್ಚರವನ್ನೂ ನೀಡಿದೆ. ಪ್ರಮೇಹಿಗಳಲ್ಲಿ ಸ್ಥೂಲರು ಮತ್ತು ಕೃಶರು ಎಂಬ ಎರಡು ಬಗೆ. ಸ್ಥೂಲನಾದ ಬಲವಂತನನ್ನು ಕರಗಿಸಬೇಕು. ಕೃಶನಾದ ದುರ್ಬಲನನ್ನು ಪೋಷಿಸಬೇಕು. ಎಲ್ಲರಿಗೂ ಒಂದೇ ಉಪದೇಶ ಸಲ್ಲದು. ಪಂಕ್ತಿಯಲ್ಲಿ ಪ್ರಸಾದ ನಿಲಯದ ಬೆಳೆಯುವ ಮಕ್ಕಳಿರುತ್ತಾರೆ, ರಕ್ತಹೀನತೆಯಿಂದ ಬಳಲುವ ತಾಯಂದಿರಿರುತ್ತಾರೆ, ದಿನವಿಡೀ ಹೊಲದಲ್ಲಿ ದುಡಿದು ಬಂದ ಕೂಲಿಕಾರರಿರುತ್ತಾರೆ. ಹಸಿದು ಬಂದವರ ತುತ್ತನ್ನು ಕಡಿಮೆ ಮಾಡಿರೆಂದು ನಾನು ಎಂದಿಗೂ ಹೇಳಲಾರೆ. ದಾಸೋಹ ಹುಟ್ಟಿದ್ದೇ ಹಸಿವನ್ನು ನೀಗಲು. ನಾನು ಕೇಳುತ್ತಿರುವುದು ಎಡೆಯಲ್ಲಿ ಏನು ಎಷ್ಟಿರಬೇಕೆಂಬ ಪ್ರಮಾಣದ ಬದಲಾವಣೆಯನ್ನು ಮಾತ್ರ.

ಸುಶ್ರುತರ ಒಂದು ಮಾತನ್ನು ಮಾತ್ರ ನಾನು ವಿನಯದಿಂದ ಒಪ್ಪದಿರುತ್ತೇನೆ. ಪಾದರಕ್ಷೆಯಿಲ್ಲದೆ ನಡೆಯಬೇಕೆಂದು ಅವರು ಹೇಳಿದ್ದಾರೆ. ಸ್ಪರ್ಶಜ್ಞಾನವಿರುವ ಪಾದಗಳಿಗೆ ಅದು ಸರಿಯಿರಬಹುದು. ಜೋಮು ಹಿಡಿದ ಪಾದಗಳಿಗೆ ಅದು ಅಪಾಯ. ಮೇಲೆ ಹೇಳಿದ ಹಿರಿಯರ ಎರಡು ಬೆರಳುಗಳು ಅದಕ್ಕೆ ಸಾಕ್ಷಿ.

ಪ್ರಸಾದವೂ ಪ್ರಮಾಣವೂ

“ಪ್ರಸಾದಕ್ಕೆ ಬೇಡವೆನ್ನಬಹುದೇ?” ಎಂಬುದು ಭಕ್ತರು ನನಗೆ ಕೇಳುವ ಮೊದಲ ಪ್ರಶ್ನೆ. ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಅದನ್ನು ನಿರಾಕರಿಸಬೇಕೆಂದು ಹೇಳುವ ಅಧಿಕಾರ ನನಗಿಲ್ಲ, ಹಾಗೆ ಹೇಳುವ ಇಚ್ಛೆಯೂ ಇಲ್ಲ. ಆದರೆ ಪ್ರಸಾದದ ಮಹಿಮೆ ಸೌಟಿನ ಗಾತ್ರದಲ್ಲಿದೆಯೇ ಎಂದು ಮಾತ್ರ ಕೇಳುತ್ತೇನೆ. ಒಂದು ಚಮಚೆ ಹುಗ್ಗಿಯನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದವನ ಭಕ್ತಿ ಮೂರು ಸೌಟು ಉಂಡವನ ಭಕ್ತಿಗಿಂತ ಕಡಿಮೆಯಾಗದು. ಎಡೆಯಲ್ಲಿ ಒಂದಗುಳೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯುವ ಸಂಪ್ರದಾಯ ನಮ್ಮದು. ಆ ಸಂಪ್ರದಾಯದ ಅರ್ಥ ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂಬುದೇ ಅಲ್ಲವೇ? ಬಡಿಸುವವರು ಒತ್ತಾಯದಿಂದ ಸುರಿದದ್ದನ್ನು ಬಿಡಲಾಗದೆ ಉಂಡು ಏಳುವ ಮಧುಮೇಹಿಯ ಸಂಕಟ ನನಗೆ ಗೊತ್ತಿದೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಮಾರಯ್ಯ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆಂದು ಕೇಳಿ ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದ ತಾಯಿ ಆಕೆ. ಸಾಕೆಂಬುದರ ಅರಿವನ್ನು ಆ ಮನೆಯಲ್ಲಿ ಅಡುಗೆ ಮಾಡುವಾಕೆಯೇ ಕಾಪಾಡಿದಳೆಂಬುದು ನನಗೆ ವಿಶೇಷವಾಗಿ ಕಾಣುತ್ತದೆ.

ಎಡೆಯ ವಿಚಾರ

ಹಾಗಾದರೆ ಕಲಿಸಬೇಕಾದದ್ದೇನು? ಮೊದಲನೆಯದು ಎಡೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣಿನದಾಗಿರಬೇಕೆಂಬುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ನಮ್ಮ ಭಾಗದ ಅಡುಗೆಯಲ್ಲಿ ಇದಕ್ಕೆ ಕೊರತೆಯೇನಿಲ್ಲ. ಪುಂಡಿ ಪಲ್ಯ, ಮೆಂತ್ಯ ಪಲ್ಯ, ಹೆಸರುಬೇಳೆ ಕೋಸಂಬರಿ, ಮಡಕಿ ಕಾಳಿನ ಪಲ್ಯ, ಸೌತೆಕಾಯಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು ಇವೆಲ್ಲ ನಮ್ಮ ಹಿರಿಯರ ಊಟದಲ್ಲಿದ್ದವು. ಈಗ ಅವು ಎಡೆಯ ಮೂಲೆಗೆ ಸರಿದು ನಡುವಿನ ಜಾಗವನ್ನೆಲ್ಲ ಅನ್ನ ಆಕ್ರಮಿಸಿದೆ.

ಎರಡನೆಯದು ಜೋಳದ ರೊಟ್ಟಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಂಗೂ ಕಡಿಮೆ. ಆದರೆ ಇಲ್ಲೊಂದು ಭ್ರಮೆಯನ್ನು ಬಿಡಬೇಕು. ಜೋಳವಾಗಲಿ ನವಣೆಯಾಗಲಿ ಸಾಮೆಯಾಗಲಿ, ಮೂರರಲ್ಲಿ ಎರಡು ಪಾಲಿನಷ್ಟು ಪಿಷ್ಟವೇ ಇರುತ್ತದೆ. ಸಿರಿಧಾನ್ಯವೆಂದು ಹೊಟ್ಟೆ ಬಿರಿಯ ಉಂಡರೆ ಸಕ್ಕರೆ ಏರದಿರದು. ಎರಡು ರೊಟ್ಟಿ, ಅದರ ಜೊತೆ ಅದಕ್ಕಿಂತ ಹೆಚ್ಚು ಪಲ್ಯ ಮತ್ತು ಕಾಳು, ಕೊನೆಗೆ ಸ್ವಲ್ಪ ಅನ್ನ ಮಜ್ಜಿಗೆ ಎಂಬ ಕ್ರಮ ಕುಳಿತು ಕೆಲಸ ಮಾಡುವವರಿಗೆ ಸಾಕು.

ಮೂರನೆಯದು ಬೆಲ್ಲ. “ಸಕ್ಕರೆ ಬಿಟ್ಟೇನ್ರಿ, ಬರೇ ಬೆಲ್ಲದ ಚಹಾ” ಎಂದು ಹೆಮ್ಮೆಯಿಂದ ಹೇಳುವ ರೋಗಿಗಳನ್ನು ನಾನು ವಾರಕ್ಕೆ ಹತ್ತು ಮಂದಿಯನ್ನಾದರೂ ಕಾಣುತ್ತೇನೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಮಧುಮೇಹಿಗೆ ಎರಡರ ನಡುವೆ ಹೇಳಿಕೊಳ್ಳುವಂತಹ ಅಂತರವಿಲ್ಲ. ಉಪವಾಸದ ದಿನದ ಸಾಬೂದಾಣಿಯೂ ಹಾಗೆಯೇ. ಅದು ಶುದ್ಧ ಪಿಷ್ಟ.

ನಾಲ್ಕನೆಯದು ಉಪ್ಪು ಮತ್ತು ಎಣ್ಣೆ. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಸಣ್ಣ ಚಹಾ ಚಮಚೆಯಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಈ ಲೆಕ್ಕದಲ್ಲಿ ಸೇರಿದೆ. ಎಣ್ಣೆಯ ಲೆಕ್ಕವನ್ನು ತಾಯಂದಿರು ತಿಂಗಳ ಸಂತೆಯಲ್ಲಿಯೇ ಹಿಡಿಯಬಹುದು: ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ ಮೂರೂವರೆ ಲೀಟರು ಸಾಕು. ಅದಕ್ಕಿಂತ ಹೆಚ್ಚು ತರುತ್ತಿದ್ದರೆ ಮಿರ್ಚಿ ಭಜಿಯ ದಿನಗಳನ್ನು ಎಣಿಸಿ ನೋಡಬೇಕು.

ಕಾಯಕದಿಂದ ದೂರವಾದ ಕಾಯ

ಹನ್ನೆರಡನೆಯ ಶತಮಾನದ ಶರಣರು ಕೈಯಿಂದ ದುಡಿದವರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಅವರಿಗೆ ಬೇರೆ ವ್ಯಾಯಾಮದ ಅಗತ್ಯವಿರಲಿಲ್ಲ. ನಮ್ಮ ಕಾಯಕಗಳು ಕುರ್ಚಿಗೂ ಗಲ್ಲಾ ಪೆಟ್ಟಿಗೆಗೂ ಬೈಕಿನ ಸೀಟಿಗೂ ಸೀಮಿತವಾಗಿವೆ. ಬೀಸುವ ಕಲ್ಲು, ಒರಳು, ಬಾವಿಯ ಹಗ್ಗಗಳು ಮನೆಯಿಂದ ಹೊರಟುಹೋಗಿವೆ. ಆದರೂ ಮನೆಗೆಲಸವೇ ವ್ಯಾಯಾಮವೆಂಬ ಮಾತು ಉಳಿದುಕೊಂಡಿದೆ. ತಾಯಂದಿರ ಶ್ರಮ ಕಡಿಮೆಯಾದದ್ದು ಸಂತೋಷದ ವಿಷಯ. ಆದರೆ ದೇಹಕ್ಕೆ ಬೇಕಾದ ಚಲನೆಯನ್ನು ಬೇರೆ ರೂಪದಲ್ಲಿ ಒದಗಿಸಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ ಬೇಕು, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಶಕ್ತಿ ತುಂಬುವ ವ್ಯಾಯಾಮ ಬೇಕು. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಮೊದಲಿನದು ಪೂರ್ತಿಯಾಗುತ್ತದೆ. ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ. ನಮ್ಮ ಶಾಸ್ತ್ರವೂ ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಹೇಳಿ ಇಂತಹದೇ ಮಿತಿಯನ್ನು ತೋರಿದೆ. ಮೊಣಕಾಲು ನೋವಿರುವವರು ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕುಳಿತರೂ ತೊಡೆಗಳಿಗೆ ಬಲ ಬರುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ನಿಧಾನವಾಗಿ ಅಡ್ಡಾಡುವುದರಿಂದ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ.

ಶ್ರೀಮಠದ ಮುಂದೆ ಐದು ಅರಿಕೆಗಳು

ಶ್ರಾವಣದಲ್ಲಿ ಒಂದು ತಿಂಗಳ ಕಾಲ ಪ್ರತಿ ಸಂಜೆ ಶ್ರೀಮಠದಲ್ಲಿ ಪುರಾಣ ಪ್ರವಚನ ನಡೆಯುತ್ತದೆ. ಮನೆಯಲ್ಲಿ ಅಡುಗೆ ಮಾಡುವವರು, ಉಣ್ಣುವವರು, ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ಯಾವ ಆಸ್ಪತ್ರೆಗೂ ಇಂತಹ ಸಭೆ ದೊರೆಯದು. ಆದುದರಿಂದ ಪೂಜ್ಯ ಶ್ರೀಗಳ ಸನ್ನಿಧಿಯಲ್ಲಿ ಈ ಕೆಳಗಿನ ಅರಿಕೆಗಳನ್ನು ಸಲ್ಲಿಸುತ್ತೇನೆ.

ಮೊದಲನೆಯದಾಗಿ, ಪ್ರವಚನಕ್ಕೆ ಮುನ್ನ ಹತ್ತು ನಿಮಿಷ ಆರೋಗ್ಯದ ಮಾತಿಗೆ ಮೀಸಲಾಗಲಿ. ಒಂದು ದಿನಕ್ಕೆ ಒಂದೇ ವಿಷಯ ಸಾಕು. ವೈದ್ಯರೇ ಮಾತನಾಡಬೇಕೆಂದಿಲ್ಲ, ಸಕ್ಕರೆಯನ್ನು ಹತೋಟಿಗೆ ತಂದುಕೊಂಡ ಗೃಹಿಣಿಯೊಬ್ಬರು ತಮ್ಮ ಅಡುಗೆಯ ಬಗ್ಗೆ ಹೇಳಿದರೆ ಅದರ ಪರಿಣಾಮವೇ ಬೇರೆ.

ಎರಡನೆಯದಾಗಿ, ಮಾಸದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಎಲ್ಲರ ರಕ್ತದೊತ್ತಡ, ತೂಕ ಮತ್ತು ಸೊಂಟದ ಸುತ್ತಳತೆ ನೋಡೋಣ. ಸುತ್ತಳತೆಗೆ ದರ್ಜಿಯ ಟೇಪು ಸಾಕು. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಅಂಥವರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ಸೇವೆಗೆ ನಾನು ಪ್ರತಿದಿನವೂ ಬರಲು ಸಿದ್ಧನಿದ್ದೇನೆ.

ಮೂರನೆಯದಾಗಿ, ದಾಸೋಹದಲ್ಲಿ ಪಲ್ಯ ಮತ್ತು ಕೋಸಂಬರಿಯನ್ನು ಮೊದಲು ಬಡಿಸಿ, ಹುಗ್ಗಿಯನ್ನು ಕೊನೆಗೆ ಚಿಕ್ಕ ಚಮಚೆಯಲ್ಲಿ ಬಡಿಸುವಂತಾಗಲಿ. ಬೇಕಾದವರು ಮತ್ತೆ ಕೇಳಿ ನೀಡಿಸಿಕೊಳ್ಳಲಿ. ಒತ್ತಾಯ ಮಾಡಿ ಬಡಿಸುವುದು ಪ್ರೀತಿಯೆಂಬ ಭಾವನೆಯನ್ನು ನಮ್ಮ ಸೇವಕರು ಕೇಳಿ ಬಡಿಸುವ ಪ್ರೀತಿಯಾಗಿ ಬದಲಿಸಿಕೊಳ್ಳಲಿ.

ನಾಲ್ಕನೆಯದಾಗಿ, ಮುಂಜಾನೆ ಇಷ್ಟಲಿಂಗ ಪೂಜೆಯ ಬಳಿಕ ಶ್ರೀಮಠದ ಆವರಣದಿಂದ ಸಾಮೂಹಿಕ ನಡಿಗೆ ಹೊರಡಲಿ. ಒಬ್ಬಂಟಿಯಾಗಿ ನಡೆಯಲು ಸಂಕೋಚಪಡುವ ತಾಯಂದಿರು ಹತ್ತು ಜನ ಕೂಡಿದರೆ ನಿಶ್ಚಿಂತೆಯಿಂದ ನಡೆಯುತ್ತಾರೆ.

ಐದನೆಯದು ನನ್ನ ಮನಸ್ಸಿಗೆ ಅತ್ಯಂತ ಹತ್ತಿರದ್ದು. ಮಧುಮೇಹಿಗಳು ಪಾದಯಾತ್ರೆಯಲ್ಲಿ ಪಾದರಕ್ಷೆ ಧರಿಸಿ ನಡೆಯಬಹುದೆಂದು ಪೂಜ್ಯ ಶ್ರೀಗಳು ಸಭೆಯಲ್ಲಿ ಒಂದು ಮಾತು ಅಪ್ಪಣೆ ಕೊಡಿಸಬೇಕು. ವೈದ್ಯ ನೂರು ಸಲ ಹೇಳಿದರೂ ಭಕ್ತರು ಕೇಳರು. ಗುರುವಿನ ಒಂದು ಮಾತಿಗೆ ತಲೆಬಾಗುತ್ತಾರೆ. ಆ ಒಂದು ಮಾತಿನಿಂದ ಎಷ್ಟು ಪಾದಗಳು ಉಳಿಯಬಹುದೆಂದು ನಾನು ಬಲ್ಲೆ.

ಒಂದು ಎಚ್ಚರಿಕೆ

ಇದನ್ನು ಓದಿ ಯಾರೂ ತಾವು ಸೇವಿಸುತ್ತಿರುವ ಮಾತ್ರೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ತಾವಾಗಿಯೇ ನಿಲ್ಲಿಸಬಾರದು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಒತ್ತಿ ಹೇಳುತ್ತೇನೆ. ಆಹಾರ ಮತ್ತು ನಡಿಗೆಯಿಂದ ಸಕ್ಕರೆ ಇಳಿದರೆ ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೇ ಕಡಿಮೆ ಮಾಡುತ್ತಾರೆ. ಶ್ರಾವಣ ಸೋಮವಾರದ ಉಪವಾಸ ಹಿಡಿಯುವ ಮಧುಮೇಹಿಗಳು ಮುಂಚಿತವಾಗಿ ವೈದ್ಯರನ್ನು ಕಾಣಬೇಕು. ಮಾತ್ರೆ ಸೇವಿಸಿ ಉಪವಾಸವಿದ್ದಾಗ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ವ್ರತಭಂಗದ ಚಿಂತೆ ಬಿಟ್ಟು ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಜೀವವುಳಿದರೆ ಮುಂದಿನ ಸೋಮವಾರ ಮತ್ತೆ ಬರುತ್ತದೆ.

ಆ ಹಿರಿಯರು ಈಗ ಮೃದು ತಳದ ಪಾದರಕ್ಷೆ ಧರಿಸಿ, ಕೋಲೂರಿಕೊಂಡು ಮತ್ತೆ ದಾಸೋಹಕ್ಕೆ ಬರುತ್ತಿದ್ದಾರೆ. ಬಕೆಟ್ಟು ಹಿಡಿದು ಬಡಿಸಲು ಅವರಿಂದಾಗದು. ಮಂಟಪದ ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಬಡಿಸುವ ಹುಡುಗರಿಗೆ “ಕೇಳಿ ನೀಡ್ರೆಪಾ, ಕೇಳಿ ನೀಡ್ರಿ” ಎನ್ನುತ್ತಿರುತ್ತಾರೆ. ಅವರ ಧರ್ಮಪತ್ನಿ ತಿಂಗಳಿಗೊಮ್ಮೆ ಅವರೊಡನೆ ನನ್ನ ಚಿಕಿತ್ಸಾಲಯಕ್ಕೆ ಬರುತ್ತಾರೆ. ಈಗ ನಾನು ಮೊದಲು ಮಾತನಾಡಿಸುವುದು ಅವರನ್ನು.